ಹಳೇ ರೋಡ್‌ಕಿಂಗಾ, ಹೊಸ ಜಾವಾನಾ?

ಮೈಸೂರಿನಲ್ಲಿ ಜಾವಾ ಬೈಕಿನ ಬಗ್ಗೆ ಮಾತೆತ್ತುವಾಗ ಸ್ವಲ್ಪ ಎಚ್ಚರವಾಗಿರಬೇಕು. ಎದುರಿಗೆ ಕೂತವರ ಮಾವನೋ ಚಿಕ್ಕಪ್ಪನೋ ಯಾದವಗಿರಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿರುತ್ತಾರೆ. ಯಾವ ಮಾಡೆಲ್ ಯಾವಾಗ ಬಂತು, ಯಾವ ಟ್ಯಾಂಕಿಗೆ ಯಾವ ಬಣ್ಣ ಇತ್ತು ಎಂದು ನೀವೇನಾದರೂ ತಪ್ಪು ಹೇಳಿದಿರೋ, ಕೈಯಲ್ಲಿರುವ ಕಾಫಿ ಆರಿಹೋಗುವವರೆಗೂ ತಿದ್ದುತ್ತಾರೆ.

ಇರಾನಿ ಕುಟುಂಬದವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಮೊದಮೊದಲು ಚೆಕೊಸ್ಲೊವಾಕಿಯದಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸುತ್ತಿತ್ತು, ಬರಬರುತ್ತಾ ಎಲ್ಲವನ್ನೂ ಇಲ್ಲೇ ಮಾಡತೊಡಗಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿತು. ಅಲ್ಲಿಂದ ಇಪ್ಪತ್ತೆರಡು ವರ್ಷಗಳ ಮೇಲೆ, 2018ರ ನವೆಂಬರ್‌ನಲ್ಲಿ, ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಿತು. 2022ರ ಜನವರಿಯಲ್ಲಿ ಯೆಜ್ಡಿಯೂ ಬಂತು. ಈಗ ಇವೆರಡೂ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಹಾಗಾಗಿ ನಮ್ಮೂರಿನಲ್ಲಿ ಬೈಕಿನ ಹುಚ್ಚು ಹತ್ತಿಸಿಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಇಲ್ಲೇ ಹುಟ್ಟಿದ ಹಳೆಯದನ್ನು ಕೊಳ್ಳುವುದೋ, ಅದೇ ಹೆಸರು ಹೊತ್ತು ಶೋರೂಮಿನಲ್ಲಿ ನಿಂತ ಹೊಸದನ್ನೋ? ನನ್ನನ್ನು ಕೇಳುವವರು ತುಸು ಹೆಚ್ಚೇ. ಬ್ಯಾಂಕಿನಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಹೆಂಗಸೊಬ್ಬಳು ಯೆಜ್ಡಿ ರೋಡ್‌ಕಿಂಗ್ ಒದ್ದು ಸ್ಟಾರ್ಟ್ ಮಾಡುವುದನ್ನು ಕುವೆಂಪುನಗರದ ನಮ್ಮ ಬೀದಿ ಕೆಲವು ವರ್ಷಗಳಿಂದ ನೋಡುತ್ತಿದೆ. ಮೇಲಾಗಿ ನನ್ನ ತಮ್ಮ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋಗುವಾಗ ತನ್ನ ಜಾವಾ 350ಯನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದ. “ಅಕ್ಕ, ವಾರಕ್ಕೊಂದ್ಸಲ ಆದ್ರೂ ಓಡಿಸ್ತಿರು, ಬ್ಯಾಟರಿ ಕೂತುಬಿಡತ್ತೆ” ಎಂದಿದ್ದ. ನಾನು ಆ ಮಾತನ್ನು ಉದಾರವಾಗಿಯೇ ಅರ್ಥ ಮಾಡಿಕೊಂಡೆ. ಒಂದು ಇಡೀ ಮಳೆಗಾಲ, ಅದರ ಹಿಂದೆ ಬಂದ ಬೇಸಿಗೆ, ಎರಡೂ ಗಾಡಿ ಒಂದೇ ಪೋರ್ಟಿಕೋದಲ್ಲಿ ಅಕ್ಕಪಕ್ಕ ನಿಂತಿದ್ದವು. ಅದೇ ರಸ್ತೆ, ಅದೇ ಮಳೆ, ಅದೇ ಮೈಕೈ ನೋವು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ.

ಸ್ಟಾರ್ಟ್ ಮಾಡುವುದರಿಂದಲೇ ಹೇಳುತ್ತೇನೆ. ರೋಡ್‌ಕಿಂಗ್‌ನಲ್ಲಿ ಗೇರ್ ಹಾಕುವ ಲಿವರ್ ಮತ್ತು ಕಿಕ್ಕರ್ ಎರಡೂ ಒಂದೇ. ಎಡಗಡೆ ಇರುವ ಆ ಲಿವರನ್ನು ಎಂಜಿನ್ನಿನ ಕಡೆ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್. ಒದ್ದು, ಎಂಜಿನ್ ಹಿಡಿದ ಮೇಲೆ ಅದು ಮತ್ತೆ ತನ್ನ ಜಾಗಕ್ಕೆ ಮಲಗಿದರೆ ಗೇರ್. ಮೊದಲು ಪೆಟ್ರೋಲ್ ಕಾಕ್ ತಿರುಗಿಸಬೇಕು. ಬೆಳಗಿನ ಚಳಿಯಿದ್ದರೆ ಚೋಕ್ ಎಳೆಯಬೇಕು. ಕೀ ಹಾಕದೆ ಒಂದೆರಡು ಸಲ ಮೆಲ್ಲಗೆ ಒದ್ದು ಪೆಟ್ರೋಲನ್ನು ಒಳಕ್ಕೆ ಎಳೆಸಿ, ಆಮೇಲೆ ಕೀ ಹಾಕಿ ಗಟ್ಟಿಯಾಗಿ ಒಂದು ಒದೆ. ಕಿಡಿ ಹತ್ತಿಸುವ ಪಾಯಿಂಟ್ ಸರಿಯಿದ್ದರೆ ಅಷ್ಟಕ್ಕೇ ಹಿಡಿಯುತ್ತದೆ. ಸರಿಯಿಲ್ಲದಿದ್ದರೆ ನೀವೆಷ್ಟು ಒದ್ದರೂ ಅಷ್ಟೆ. ಬಲ ಬೇಕು ಎಂದು ಗಂಡಸರು ಹೆದರಿಸುತ್ತಾರೆ, ಅದೇನೂ ಇಲ್ಲ. ಎಡಗಾಲಿನಲ್ಲಿ ಒದೆಯುವ ರೂಢಿ ಆಗಬೇಕು, ಪಿಸ್ಟನ್ ಎಲ್ಲಿ ನಿಂತಿದೆ ಎಂದು ಪಾದಕ್ಕೆ ಗೊತ್ತಾಗಬೇಕು.

ಇನ್ನೊಂದು ವಿಶೇಷ, ಲಿವರ್ ಒತ್ತಿದರೆ ಸಾಕು, ಕ್ಲಚ್ ತಾನೇ ಬಿಡುತ್ತದೆ. ಓಡುತ್ತಿರುವಾಗ ಕೈಯಿಂದ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಐವತ್ತರ ದಶಕದ ಜಾವಾದಲ್ಲಿ ಇದ್ದ ಈ ಉಪಾಯವನ್ನು ಮೈಸೂರಿನವರು ಕೊನೆಯವರೆಗೂ ಉಳಿಸಿಕೊಂಡರು. ಅಶೋಕ ರಸ್ತೆಯ ಸಂಜೆಯ ಗಲಾಟೆಯಲ್ಲಿ ಎಡಗೈ ಸೋತಾಗ ಆ ಎಂಜಿನಿಯರುಗಳನ್ನು ನೆನೆದುಕೊಳ್ಳುತ್ತೇನೆ.

ಜಾವಾ 350ಯಲ್ಲಿ ಬಟನ್ ಒತ್ತುತ್ತೀರಿ, ಸ್ಟಾರ್ಟ್ ಆಗುತ್ತದೆ. ಬರೆಯಲು ಅಷ್ಟೇ ಇದೆ, ಅದೇ ಅದರ ಹೆಚ್ಚುಗಾರಿಕೆ. ಬೆಳಿಗ್ಗೆ ಒಂಬತ್ತೂವರೆಗೆ ಬ್ಯಾಂಕಿನ ಬಾಗಿಲಲ್ಲಿ ಇರಬೇಕಾದವಳಿಗೆ ಇದು ಸಣ್ಣ ಮಾತಲ್ಲ.

ಎರಡಕ್ಕೂ ದೊಡ್ಡ ವ್ಯತ್ಯಾಸ ಇರುವುದು ಎಂಜಿನ್ನಿನ ಹೊಟ್ಟೆಯಲ್ಲಿ. ರೋಡ್‌ಕಿಂಗ್ 250 ಸಿಸಿಯ ಟೂ ಸ್ಟ್ರೋಕ್, ನಾಲ್ಕು ಗೇರು, ಗಾಳಿಗೆ ತಣ್ಣಗಾಗುವ ಎಂಜಿನ್. ಜಾವಾ 350 ಹೆಸರಿಗೆ 350. ಎಂಜಿನ್ 334 ಸಿಸಿ, ಫೋರ್ ಸ್ಟ್ರೋಕ್, ಆರು ಗೇರು, ಮುಂದೆ ರೇಡಿಯೇಟರ್. ಟೂ ಸ್ಟ್ರೋಕಿನಲ್ಲಿ ಎಂಜಿನ್ನಿಗೆ ಬೇರೆ ಎಣ್ಣೆಯಿಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಎಣ್ಣೆಯೇ ಪಿಸ್ಟನ್ನನ್ನೂ ಬೇರಿಂಗನ್ನೂ ಕಾಯುವುದು. ಹಿಂದೆ ಬಂಕಿನಲ್ಲಿ 2ಟಿ ಎಣ್ಣೆಯ ಪಂಪು ಇರುತ್ತಿತ್ತು. ಈಗ ನನ್ನ ಬೆನ್ನಚೀಲದಲ್ಲಿ ಎಣ್ಣೆ ಬಾಟಲು, ಮಕ್ಕಳಿಗೆ ಕೆಮ್ಮಿನ ಔಷಧಿ ಅಳೆದು ಕುಡಿಸುವ ಪ್ಲಾಸ್ಟಿಕ್ ಅಳತೆ ಬಟ್ಟಲು. ಲೀಟರಿಗೆ 40 ಎಂಎಲ್ ಎನ್ನುವುದು ಹಳಬರ ಲೆಕ್ಕ. ಈಗಿನ ಎಣ್ಣೆ ಒಳ್ಳೆಯದು, 30 ಸಾಕು ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ನಾನು ಎರಡರ ನಡುವೆ ಇದ್ದೇನೆ. ಬಂಕಿನ ಹುಡುಗರಲ್ಲಿ ಹೆಚ್ಚಿನವರು ಟೂ ಸ್ಟ್ರೋಕ್ ಕಂಡವರೇ ಅಲ್ಲ. ಮೊದಲ ಸಲ ನಾನು ಟ್ಯಾಂಕಿಗೆ ಎಣ್ಣೆ ಸುರಿದಾಗ ಒಬ್ಬ ಹುಡುಗ ಓಡಿ ಬಂದು “ಮೇಡಂ, ಮೇಡಂ, ಅದು ಎಂಜಿನ್ ಆಯಿಲ್ಲು, ಪೆಟ್ರೋಲ್ ಟ್ಯಾಂಕಿಗೆ ಹಾಕ್ತಿದೀರಾ!” ಎಂದು ಕೈ ಹಿಡಿಯುವುದೊಂದು ಬಾಕಿ.

ಎಣ್ಣೆ ಪೆಟ್ರೋಲಿನ ಜೊತೆಗೇ ಬರುವುದರಿಂದ ಇನ್ನೊಂದು ಪರಿಣಾಮ ಇದೆ. ಹಳೆಯ ಗಾಡಿ ಮಾರುವವರು ಇದನ್ನು ಹೇಳುವುದಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಹೋಗುವುದು ಕಡಿಮೆಯಾಗುತ್ತದೆ, ಅದರೊಂದಿಗೆ ಎಣ್ಣೆಯೂ. ಆದರೆ ಚಕ್ರ ತಿರುಗುತ್ತಿರುವುದರಿಂದ ಎಂಜಿನ್ ಮಾತ್ರ ಜೋರಾಗಿಯೇ ತಿರುಗುತ್ತಿರುತ್ತದೆ. ಅದಕ್ಕೇ ಹಳಬರು ಚಾಮುಂಡಿ ಬೆಟ್ಟ ಇಳಿಯುವಾಗ ಆಗಾಗ ಒಂದಿಷ್ಟು ಆಕ್ಸಿಲರೇಟರ್ ಕೊಟ್ಟು ಬಿಡುತ್ತಾರೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಇದು ಜೀವಕ್ಕೇ ಬರುವ ಮಾತು. ಟೂ ಸ್ಟ್ರೋಕಿಗೆ ಎಂಜಿನ್ ಬ್ರೇಕ್ ಎಂಬುದು ಹೆಸರಿಗಷ್ಟೇ. ಗಾಡಿಯನ್ನು ಹಿಡಿಯುವ ಕೆಲಸವೆಲ್ಲ ಎರಡು ಡ್ರಮ್ ಬ್ರೇಕುಗಳ ಮೇಲೆ. ಬಿಸಿಯಾದ ಡ್ರಮ್ಮು ಕಡಿಮೆ ಹಿಡಿಯುತ್ತದೆ, ಒದ್ದೆಯಾದ ಡ್ರಮ್ಮು ಒಮ್ಮೊಮ್ಮೆ ಹಿಡಿಯುವುದೇ ಇಲ್ಲ, ಒಮ್ಮೊಮ್ಮೆ ಗಬಕ್ಕನೆ ಹಿಡಿಯುತ್ತದೆ. ಆ ಮಳೆಗಾಲದಲ್ಲಿ ಅದೇ ಘಾಟಿಯನ್ನು ತಮ್ಮನ ಗಾಡಿಯಲ್ಲಿ ಇಳಿದೆ. ಹಿಂದೆ ಮುಂದೆ ಡಿಸ್ಕ್, ಎರಡೂ ಚಕ್ರಕ್ಕೆ ಎಬಿಎಸ್. ಎದುರಿಗೆ ತಿರುವಿನಲ್ಲಿ ಬಸ್ಸು ಪೂರ್ತಿ ರಸ್ತೆ ಹಿಡಿದು ಬಂದಾಗ ಬ್ರೇಕ್ ಒತ್ತಿದೆ, ಲಿವರ್ ಬೆರಳಿನ ಕೆಳಗೆ ಗಡಗಡ ಎಂದಿತು, ಗಾಡಿ ನೆಟ್ಟಗೆ ನಿಂತಿತು. ಅಷ್ಟೇ ನಡೆದದ್ದು. ಇದೇ ಪ್ರಸಂಗ ರೋಡ್‌ಕಿಂಗ್‌ನಲ್ಲಿ ಆಗಿದ್ದರೆ ಬರೆಯಲು ಇನ್ನೂ ಒಂದು ಪುಟ ಸಿಗುತ್ತಿತ್ತು, ಬರೆಯುವವಳು ಇದ್ದಿದ್ದರೆ.

ಹೊಸ ಗಾಡಿಯ ಪರವಾಗಿ ಏನೇನೋ ವಾದ ಹೂಡುತ್ತಾರೆ. ವೇಗ ಅನ್ನುತ್ತಾರೆ, ಮೈಲೇಜ್ ಅನ್ನುತ್ತಾರೆ. ನನ್ನ ಮಟ್ಟಿಗೆ ಬ್ರೇಕ್ ಒಂದೇ ಸಾಕು. ವೇಗದ ವಿಷಯ ಮೈಸೂರಿಗರಿಗೆ ಈಗ ನಗು ತರಿಸುವಂಥದ್ದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೇ ಇಲ್ಲ. ಆರನೇ ಗೇರ್ ಇಟ್ಟುಕೊಂಡು ಸರ್ವೀಸ್ ರೋಡಿನಲ್ಲಿ ಹಂಪ್ ಎಣಿಸಬೇಕು, ಇಲ್ಲವೇ ಬನ್ನೂರು, ಮಳವಳ್ಳಿ, ಕನಕಪುರ ಎಂದು ಸುತ್ತಿಕೊಂಡು ಹೋಗಬೇಕು. ಆ ಸುತ್ತು ದಾರಿಯಲ್ಲಿ ನಾಲ್ಕು ಗೇರಿನ ಹಳೆಯ ಗಾಡಿಯೂ ಆರಾಮವಾಗಿ ಸಾಗುತ್ತದೆ. ನಿಜ ಹೇಳಬೇಕೆಂದರೆ ಬನ್ನೂರು ರಸ್ತೆಯಲ್ಲಿ, ಬೆಳಗಿನ ಹೊತ್ತು, ಗದ್ದೆ ಬಯಲಿನ ನಡುವೆ ಐವತ್ತು ಅರವತ್ತರ ವೇಗದಲ್ಲಿ ರೋಡ್‌ಕಿಂಗ್ ಹೊರಡಿಸುವ ಆ ಒಂದೇ ಸಮನಾದ ಟೂ ಸ್ಟ್ರೋಕ್ ಗುಂಯ್ಗುಡುವಿಕೆಯ ಮುಂದೆ ಹೊಸತು ನನಗೆ ಸಪ್ಪೆ ಅನ್ನಿಸಿತು. ಅಲುಗಾಟವಿಲ್ಲ, ತೊಂದರೆಯಿಲ್ಲ, ಏನೂ ಇಲ್ಲ. ತೂಕವೂ ಒಂದು ವಿಷಯ. ಹಳೆಯದು 140 ಕಿಲೋ ಆಸುಪಾಸು, ಹೊಸದು 190 ದಾಟುತ್ತದೆ. ಗೇಟಿನ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಆ ಐವತ್ತು ಕಿಲೋ ಎಲ್ಲಿದೆ ಎಂದು ಸೊಂಟ ಹೇಳುತ್ತದೆ. ಶೋರೂಮಿನ ನುಣುಪು ಟೈಲ್ಸ್ ಮೇಲೆ ಇದು ತಿಳಿಯುವುದಿಲ್ಲ. ನನ್ನಂಥ ಹೆಂಗಸರು ಟೆಸ್ಟ್ ರೈಡ್ ಕೇಳುವಾಗ ಗಾಡಿಯನ್ನು ತಳ್ಳಿ ನೋಡಲೂ ಕೇಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ಗಾಡಿ ಕೊಳ್ಳಬೇಕೆಂದಿರುವವರು ಮೊದಲು ಹುಡುಕಬೇಕಾದ್ದು ಮೆಕ್ಯಾನಿಕ್ಕನ್ನು. ಗಾಡಿ ಆಮೇಲೆ.

ನಾನು ಹುಡುಕಿದ್ದು ಹಾಗೇ. ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ, ಒಂದೂವರೆ ಬೈಕು ಹಿಡಿಸುವಷ್ಟು ಜಾಗದಲ್ಲಿ, ಅರವತ್ತು ದಾಟಿದ ಒಬ್ಬರು ಬರೀ ಜಾವಾ, ಯೆಜ್ಡಿ ರಿಪೇರಿ ಮಾಡುತ್ತಾರೆ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗಾಡಿಯೇ ಇಲ್ಲದೆ ಹೋಗಿ ನಿಂತು, ಒಂದು ರೋಡ್‌ಕಿಂಗ್ ತಗೋಬೇಕು, ನೋಡಿಕೊಳ್ಳುತ್ತೀರಾ ಎಂದು ಕೇಳಿದ್ದೆ. ಅವರು ಕೈಯಲ್ಲಿದ್ದ ಕಾರ್ಬೊರೇಟರ್‌ನಿಂದ ತಲೆ ಎತ್ತದೆ “ಯಾರು ಓಡಿಸೋದು ಮೇಡಂ? ಯಜಮಾನ್ರಾ?” ಎಂದರು. ನಾನೇ ಎಂದೆ. ಆಗ ತಲೆ ಎತ್ತಿ ನೋಡಿ, “ಮನೆ ಎಲ್ಲಿ?” ಎಂದರು. ಕುವೆಂಪುನಗರ ಎಂದಾಗ ಸ್ವಲ್ಪ ಯೋಚಿಸಿ, “ದೂರ ಆಯ್ತು. ತಳ್ಕೊಂಡು ಬರೋಕಾಗಲ್ಲ. ಪಾಯಿಂಟ್ ಕ್ಲೀನ್ ಮಾಡೋದು, ಪ್ಲಗ್ ಬದಲಾಯಿಸೋದು ನೀವೇ ಕಲೀರಿ. ಮಿಕ್ಕಿದ್ದು ನಾನ್ ನೋಡ್ತೀನಿ” ಎಂದರು. ಗಾಡಿ ಕೊಳ್ಳುವ ಮೊದಲೇ ಒಂದು ಶನಿವಾರ ಮಧ್ಯಾಹ್ನ ಯಾರದೋ ಗಾಡಿಯ ಬಲಗಡೆಯ ಕವರ್ ಬಿಚ್ಚಿ, ಪಾಯಿಂಟ್ ಎಲ್ಲಿದೆ, ಎಷ್ಟು ತೆರೆಯಬೇಕು, ಯಾವ ಪಾಲಿಶ್ ಪೇಪರ್ ಹಾಕಿ ಉಜ್ಜಬೇಕು ಎಂದು ತೋರಿಸಿಕೊಟ್ಟರು. ಪಾಯಿಂಟಿನ ನಡುವೆ 0.4 ಮಿಲಿಮೀಟರ್ ಗ್ಯಾಪ್ ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೆ ಏನು ಮಾಡುವುದು ಎಂದಾಗ ಅವರು ಹೇಳಿದ್ದು, “ಇಟ್ಕೊಳ್ಳಿ. ನೂರು ರೂಪಾಯಿ ಮೇಲೆ ಇರಲ್ಲ.”

ಗಾಡಿ ನೋಡಲು ಹೋದಾಗಲೂ ಅವರೇ ಜೊತೆಗೆ ಬಂದರು. ಸರಸ್ವತಿಪುರಂನ ಒಂದು ಮನೆ. ಟ್ಯಾಂಕು ಫಳಫಳ, ಸೈಲೆನ್ಸರಿಗೆ ಹೊಸ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್, “ಫುಲ್ ರಿಸ್ಟೋರ್ಡ್” ಎಂದರು ಮನೆಯವರು. ಭಾಯ್ ಗಾಡಿಯ ಸುತ್ತ ಒಂದು ಸುತ್ತೂ ಬರಲಿಲ್ಲ. ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹೊಗೆಗೆ ಅಂಗೈ ಒಡ್ಡಿ, ಮೂಸಿ ನೋಡಿದರು. ಐದು ನಿಮಿಷ ಓಡಿದ ಮೇಲೂ ಹೊಗೆ ಬೆಳ್ಳಗೆ, ದಟ್ಟವಾಗಿಯೇ ಬರುತ್ತಿತ್ತು. ಆಮೇಲೆ ಗೇರ್ ಬಾಕ್ಸಿನ ಎಣ್ಣೆ ನೋಡಿದರು, ಇರಬೇಕಾದಷ್ಟು ಇರಲಿಲ್ಲ. ಕೆಳಗೆ ನೆಲದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲ. ಹೊರಗೆ ಬಂದ ಮೇಲೆ ವಿವರಿಸಿದರು: ಕ್ರ್ಯಾಂಕಿನ ಎಡಗಡೆಯ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸಿನ ಎಣ್ಣೆಯನ್ನು ಎಂಜಿನ್ ಒಳಕ್ಕೆ ಎಳೆದುಕೊಂಡು ಸುಡುತ್ತಿದೆ. ಸೀಲಿನ ಬೆಲೆ ಕಡಿಮೆ, ಆದರೆ ಕೆಲಸ ಅಷ್ಟಕ್ಕೇ ನಿಲ್ಲುತ್ತದೆ ಎಂದು ಹೇಳಲಾಗದು. ಬಿಚ್ಚಿದ ಮೇಲೆ ಬೇರಿಂಗ್, ಕನೆಕ್ಟಿಂಗ್ ರಾಡ್ ಎಲ್ಲ ಮಾತಾಡತೊಡಗುತ್ತವೆ. “ದುಡ್ಡೆಲ್ಲ ಬಣ್ಣಕ್ಕೆ ಹಾಕಿದಾರೆ ಮೇಡಂ. ಬಣ್ಣ ಹಾಕದೇ ಇರೋ ಗಾಡಿ ಹುಡ್ಕೋಣ.”

ಹುಡುಕಿ ತಂದದ್ದು ಹಾಗೆ ಬಣ್ಣ ಮಾಸಿದ, ಎಂಬತ್ತರ ದಶಕದ ನನ್ನ ಈಗಿನ ಗಾಡಿ. ನಂಬರ್ ಪ್ಲೇಟು ‘ಕೆಎ’ ಬರುವುದಕ್ಕೂ ಹಿಂದಿನ ಕಾಲದ್ದು. ನಿವೃತ್ತ ಮೇಷ್ಟ್ರೊಬ್ಬರು ನಿಲ್ಲಿಸದೆ ಓಡಿಸುತ್ತಿದ್ದರು. ಮೂಲದ ಜಿಕೋವ್ ಕಾರ್ಬೊರೇಟರ್ ತೆಗೆದು ಮಿಕುನಿ ಹಾಕಿಸಿದ್ದರು. ಅದರಿಂದ ಗಾಡಿಯ ಬೆಲೆ ಕಡಿಮೆಯಾಯಿತು ಎಂದು ಅಚ್ಚ ಮೂಲದ ಗಾಡಿಯನ್ನೇ ಬಯಸುವವರು ಹೇಳುತ್ತಾರೆ, ದಿನಾ ಓಡಿಸುವವರು ಕೈ ಮುಗಿಯುತ್ತಾರೆ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿಯೇ ಇದೆ. ವರ್ಷಗಟ್ಟಲೆ ನಿಂತು, ಆಮೇಲೆ ಅಲಂಕಾರ ಮಾಡಿಸಿಕೊಂಡ ಗಾಡಿಗಿಂತ ತುಕ್ಕು ಹಿಡಿದರೂ ಓಡುತ್ತಲೇ ಇದ್ದ ಗಾಡಿ ಮೇಲು. ನಿಂತ ಗಾಡಿಯ ಸೀಲು ಗಟ್ಟಿಯಾಗುತ್ತದೆ, ಟ್ಯಾಂಕಿನ ಒಳಗೆ ತುಕ್ಕು ಏಳುತ್ತದೆ, ಕಾರ್ಬೊರೇಟರ್‌ನ ಜೆಟ್ಟು ಕಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಈ ಕಾಟ ಇನ್ನೂ ಜಾಸ್ತಿ. ಎಥನಾಲ್ ತೇವ ಹೀರಿಕೊಳ್ಳುತ್ತದೆ, ಆ ಕಾಲದ ರಬ್ಬರು, ಕಾರ್ಕು ಅದಕ್ಕೆಂದು ಮಾಡಿದವಲ್ಲ. ಪೆಟ್ರೋಲ್ ಪೈಪು ಮತ್ತು ಕಾಕಿನ ವಾಷರ್‌ಗಳನ್ನು ಗಾಡಿ ಬಂದ ಹೊಸದರಲ್ಲೇ ನಾನು ಬದಲಿಸಿದೆ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ.

ಹೊಸ ಗಾಡಿಯ ಸರ್ವೀಸಿಗೆ ಹೋದಾಗ ಸಮಯ ಮೊದಲೇ ಕೊಟ್ಟಿದ್ದರು. ಲ್ಯಾಪ್‌ಟಾಪ್ ಚುಚ್ಚಿ ನೋಡಿದರು, ನಾನು ಗಾಜಿನ ಈಚೆ ಎಸಿಯಲ್ಲಿ ಕೂತು ಪೇಪರ್ ಓದಿದೆ. ತೊಳೆದು ಕೊಟ್ಟರು, ಬಿಲ್ ಕೊಟ್ಟರು. ದೂರಲು ಏನೂ ಇಲ್ಲ. ಅದರ ಹೊಟ್ಟೆಯೊಳಗೆ ಏನಾಯಿತು ಎಂದು ನನಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಹೀಗೆ ಗೊತ್ತಿಲ್ಲದಿರುವುದು ಕೆಲವರಿಗೆ ನೆಮ್ಮದಿ. ಹಳೆಯ ಗಾಡಿಗೆ ಮೆಕ್ಯಾನಿಕ್ಕೇ ಆಸರೆ, ಆದರೆ ನನ್ನ ಭಾಯ್‌ಗೆ ವಯಸ್ಸಾಗುತ್ತಿದೆ, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಹತ್ತು ವರ್ಷದ ಮೇಲೆ ರೋಡ್‌ಕಿಂಗ್‌ನ ಕ್ರ್ಯಾಂಕ್ ಯಾರು ಕೂರಿಸುತ್ತಾರೆ ಎಂಬುದಕ್ಕೆ ಹಳೆಯ ಗಾಡಿ ಕೊಳ್ಳುವ ಯುವಕರು ಈಗಲೇ ಉತ್ತರ ಹುಡುಕಬೇಕು. ಬಿಡಿಭಾಗದ ಚಿಂತೆ ಅಷ್ಟಿಲ್ಲ. ಕೇಬಲ್, ಕ್ಲಚ್ ಪ್ಲೇಟ್, ಪಿಸ್ಟನ್, ರಬ್ಬರು ಎಲ್ಲವೂ ಹೊಸದಾಗಿ ಯಾರೋ ಮಾಡಿ ಮಾರುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಸಿಗದ್ದು ಕಡಿಮೆ. ಗುಣಮಟ್ಟ ಮಾತ್ರ ಒಂದೊಂದು ಸಲ ಒಂದೊಂದು ಥರ. ಹಾಗಾಗಿ ಹಳೆಯ ಭಾಗ ರಿಪೇರಿ ಆಗುವಂತಿದ್ದರೆ ಭಾಯ್ ಹೊಸದು ಹಾಕಲು ಬಿಡುವುದಿಲ್ಲ.

ದುಡ್ಡಿನ ಮಾತು. ಹೊಸ ಗಾಡಿಗೆ ಎರಡು ಲಕ್ಷದ ಆಚೀಚೆ. 2025ರ ಸೆಪ್ಟೆಂಬರ್‌ನಲ್ಲಿ 350 ಸಿಸಿಯೊಳಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ಇದಕ್ಕೂ ಅನ್ವಯಿಸುತ್ತದೆ. ಹಳೆಯದಕ್ಕೆ ಬೆಲೆ ಎಂಬುದೇ ಇಲ್ಲ; ಮಾರುವವರ ಆಸೆ, ಕೊಳ್ಳುವವರ ಹುಚ್ಚು ಸಂಧಿಸುವ ಜಾಗವೇ ಬೆಲೆ. ಕೊಟ್ಟ ದುಡ್ಡಿನ ಅರ್ಧದಷ್ಟಾದರೂ ಮೊದಲ ವರ್ಷದ ರಿಪೇರಿಗೆ ತೆಗೆದಿಡಿ ಎಂದು ಬ್ಯಾಂಕಿನವಳಾಗಿ ಹೇಳುತ್ತೇನೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಎರಡಕ್ಕೂ ಒಂದೇ ದರ: 150ರಿಂದ 350 ಸಿಸಿವರೆಗಿನ ಬೈಕಿಗೆ 2022ರಲ್ಲಿ ನಿಗದಿಯಾದ ವರ್ಷದ ಪ್ರೀಮಿಯಂ 1,366 ರೂಪಾಯಿ, ಮೇಲೆ ತೆರಿಗೆ. ಕಳ್ಳತನ, ಅಪಘಾತಕ್ಕೆ ಹಳೆಯ ಗಾಡಿಗೆ ಸಿಗುವ ಮೊತ್ತ ಕೇಳಿದರೆ ಅಳುವೋ ನಗುವೋ ತಿಳಿಯುವುದಿಲ್ಲ. ನನ್ನ ರೋಡ್‌ಕಿಂಗಿಗೆ ಥರ್ಡ್ ಪಾರ್ಟಿ ಮತ್ತು ಎರಡು ಬೀಗ.

ಕಾಗದಪತ್ರದ ಬಗ್ಗೆ ಬ್ಯಾಂಕಿನವಳು ಹೆಚ್ಚು ಮಾತಾಡುವುದು ಸಹಜ, ತಾಳಿಕೊಳ್ಳಿ. ಹಳೆಯ ಗಾಡಿ ನೋಡಲು ಹೋದಾಗ ಮೊದಲು ಆರ್‌ಸಿ, ಆಮೇಲೆ ಗಾಡಿ. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಗಾಡಿಯ ಮೇಲೆ ಕೈಯಾಡಿಸಿ ಓದಿ, ಆರ್‌ಸಿಯ ಜೊತೆ ತಾಳೆ ನೋಡಿ. ಈ ಗಾಡಿಗಳ ಎಂಜಿನ್ ಬದಲಿಸಿಕೊಳ್ಳುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಎಂಬತ್ತರ ದಶಕದಲ್ಲಿ ಸಾಲದ ಮೇಲೆ ಕೊಂಡು, ಸಾಲ ತೀರಿಸಿ, ಆರ್‌ಸಿಯಿಂದ ಎಚ್‌ಪಿ ಎಂಬ ಸಾಲದ ನಮೂದನ್ನು ತೆಗೆಸದೇ ಬಿಟ್ಟ ಗಾಡಿಗಳಿಗೆ ಲೆಕ್ಕವಿಲ್ಲ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಈಗ ಇಲ್ಲದೇ ಹೋಗಿದ್ದರೆ ಫಾರಂ 35ಕ್ಕೆ ಸಹಿ ಹಾಕುವವರು ಯಾರು? ಹೆಸರು ಬದಲಿಸುವ ಫಾರಂ 29, 30ಕ್ಕೆ ಮಾರುವವರ ಸಹಿ ಬೇಕು; ಆರ್‌ಸಿಯಲ್ಲಿ ಇರುವ ಹೆಸರಿನವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು. ‘ಆಮೇಲೆ ಮಾಡಿಸಿಕೊಡ್ತೀವಿ ಬಿಡಿ’ ಎನ್ನುವವರ ಮನೆಯ ಕಾಫಿ ಕುಡಿದು ಎದ್ದು ಬನ್ನಿ.

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಬೈಕುಗಳ ನವೀಕರಣ ಶುಲ್ಕವನ್ನು 2,000 ರೂಪಾಯಿ ಮಾಡಿತು. ಇದಲ್ಲದೆ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಿಂದ ಇದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅರವತ್ತರ ದಶಕದ ಜಾವಾಗಳು ಅದಕ್ಕೆ ಅರ್ಹ. ಆದರೆ ವಿಂಟೇಜ್ ಎಂದಾದ ಮೇಲೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಅಷ್ಟೇ. ಸೊಪ್ಪು ತರಲು ದೇವರಾಜ ಮಾರುಕಟ್ಟೆಗೆ ಹೋಗಲಾಗದ ಬೈಕು ನನಗೆ ಬೇಡ.

ಹೊಗೆಯ ವಿಷಯವನ್ನೂ ಹೇಳಿಬಿಡಬೇಕು, ಹಳೆಯ ಗಾಡಿಯವರು ಇದನ್ನು ನುಂಗಿಕೊಳ್ಳುತ್ತೇವೆ. ಟೂ ಸ್ಟ್ರೋಕ್ ಎಣ್ಣೆ ಸುಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಒಳಗೆ ಬಂದ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಬಂದ ಗಾಳಿಯೂ ಹೋಗುವ ಹೊಗೆಯೂ ಸಿಲಿಂಡರಿನಲ್ಲಿ ಒಂದೇ ಹೊತ್ತಿಗೆ ಸೇರುವುದರಿಂದ ಇದು ತಪ್ಪಿದ್ದಲ್ಲ. ಈ ಎಂಜಿನ್ನುಗಳು ರಸ್ತೆಯಿಂದ ಮರೆಯಾದದ್ದಕ್ಕೆ ನ್ಯಾಯವಾದ ಕಾರಣ ಇದೆ. ಶಾಲೆ ಬಿಡುವ ಹೊತ್ತಿನಲ್ಲಿ ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸ್ಕೂಟರಿನ ಮಗು ಮೂಗು ಮುಚ್ಚಿಕೊಂಡದ್ದನ್ನು ಕನ್ನಡಿಯಲ್ಲಿ ನೋಡಿದ ಮೇಲೆ ಆ ಹೊತ್ತಿಗೆ ರೋಡ್‌ಕಿಂಗ್ ತೆಗೆಯುವುದನ್ನು ಬಿಟ್ಟೆ. ಭಾನುವಾರ ಬೆಳಿಗ್ಗೆ, ಊರ ಹೊರಗಿನ ರಸ್ತೆ, ಅದಕ್ಕೆ ಅಷ್ಟು ಸಾಕು.

ಇಷ್ಟೆಲ್ಲ ಆದ ಮೇಲೂ ಹಳೆಯದನ್ನೇಕೆ ಇಟ್ಟುಕೊಂಡಿದ್ದೀರಿ ಎಂದರೆ, ಮೈಸೂರಿನಲ್ಲಿ ಅದಕ್ಕೊಂದು ಬೇರೆ ಲೋಕವಿದೆ. ಜಾವಾ 350ಯನ್ನು ನಿಲ್ಲಿಸಿದರೆ ಹುಡುಗರು ಬಂದು “ಎಷ್ಟು ಕೊಡತ್ತೆ ಆಂಟಿ?” ಎಂದು ಮೈಲೇಜ್ ಕೇಳುತ್ತಾರೆ. ರೋಡ್‌ಕಿಂಗ್ ನಿಲ್ಲಿಸಿದರೆ ವಯಸ್ಸಾದವರು ಬರುತ್ತಾರೆ. ಅಗ್ರಹಾರದ ಒಂದು ಹೋಟೆಲಿನ ಮುಂದೆ ಹಿರಿಯರೊಬ್ಬರು ಏನೂ ಕೇಳದೆ ಸೈಲೆನ್ಸರಿನ ಪಕ್ಕ ಬಗ್ಗಿ, ಕ್ರೋಮ್ ಮೇಲೆ ಉಗುರಿನಿಂದ ಕೆರೆದು ನೋಡಿದರು. “ಇದು ನಮ್ಮ ಪ್ಲೇಟಿಂಗ್ ಅಮ್ಮ. ಆಮೇಲೆ ಮಾಡಿಸಿದ್ದಲ್ಲ” ಎಂದರು. ಪ್ಲೇಟಿಂಗ್ ಸೆಕ್ಷನ್‌ನಲ್ಲಿ ಇದ್ದವರಂತೆ. ಕಂಪನಿ ಮುಚ್ಚಿದ ವರ್ಷ, ಬಾಕಿ ಸಂಬಳ, ಆಮೇಲೆ ಇಟ್ಟ ಕಿರಾಣಿ ಅಂಗಡಿ, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಗಾಡಿಗಳೆಲ್ಲ ಒಂದೆಡೆ ಸೇರುತ್ತವೆ. ಅಲ್ಲಿಗೂ ಇಂಥವರು ಬರುತ್ತಾರೆ. ಗಾಡಿ ನೋಡಲು ಅಲ್ಲ, ತಾವು ಮಾಡಿದ್ದು ಇನ್ನೂ ಓಡುತ್ತಿದೆಯಾ ಎಂದು ನೋಡಲು. ಹೊಸ ಗಾಡಿಗೆ ಇದು ಬರಬೇಕಾದರೆ ಪೀಥಂಪುರದಲ್ಲಿ ಯಾರಿಗಾದರೂ ವಯಸ್ಸಾಗಬೇಕು.

ನನ್ನ ತೀರ್ಮಾನ ಕೇಳುವವರಿಗೆ ಹೇಳುವುದಿಷ್ಟೇ. ಮನೆಯಲ್ಲಿ ಒಂದೇ ಗಾಡಿ ಇರುವುದಾದರೆ, ದಿನಾ ಕೆಲಸಕ್ಕೆ ಹೋಗುವುದು ಅದರಲ್ಲೇ ಆದರೆ, ಹೊಸದನ್ನು ಕೊಳ್ಳಿ, ಎರಡನೇ ಮಾತಿಲ್ಲ. ಹಿಂದೆ ಮಗುವನ್ನೋ ವಯಸ್ಸಾದ ತಾಯಿಯನ್ನೋ ಕೂರಿಸಿಕೊಂಡು ಹೋಗುವವರೂ ಹೊಸದನ್ನೇ ಕೊಳ್ಳಿ, ಬ್ರೇಕಿನ ಕಾರಣಕ್ಕೆ. ಮನೆಯಲ್ಲಿ ಆಗಲೇ ಒಂದು ಸ್ಕೂಟರ್ ಇದೆ, ಕೈಗೆ ಎಣ್ಣೆ ಮೆತ್ತಿಕೊಳ್ಳಲು ಬೇಜಾರಿಲ್ಲ, ಊರಿನಲ್ಲಿ ಒಬ್ಬ ಒಳ್ಳೆಯ ಮೆಕ್ಯಾನಿಕ್ ಇದ್ದಾರೆ, ಆರ್‌ಸಿ ಚೊಕ್ಕವಾಗಿದೆ ಎಂದಾದರೆ ಮಾತ್ರ ಹಳೆಯದು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಬೇಡ. ತಮ್ಮ ವಾಪಸ್ ಬಂದು ಜಾವಾ ತೆಗೆದುಕೊಂಡು ಹೋದ ಮೇಲೆ ನಾನು ಬ್ಯಾಂಕಿಗೆ ಹೋಗುವುದು ಸ್ಕೂಟರಿನಲ್ಲಿ.

ಈ ಭಾನುವಾರ ಹಳೆಯ ಗಾಡಿಯೊಂದನ್ನು ನೋಡಲು ಹೊರಟವರಿಗೆ ಒಂದು ಮಾತು. ಮುಂಚೆಯೇ ಫೋನ್ ಮಾಡಿ, ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ. ಬಿಸಿಯಿದ್ದರೆ ಅವತ್ತು ವ್ಯಾಪಾರದ ಮಾತೆತ್ತಬೇಡಿ, ತಣ್ಣಗಾದ ಮೇಲೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬನ್ನಿ.